ಬೆಟ್ಟದ ಚಳಿ, ಮನೆಯ ಕರೆಂಟು

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ದೇವಸ್ಥಾನವಿರುವ ನೆತ್ತಿ ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಎತ್ತರದಲ್ಲಿದೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟ ಅದಕ್ಕಿಂತ ತಗ್ಗು, ಸುಮಾರು 3,000 ಅಡಿ. ಕೊಳ್ಳೇಗಾಲ, ಯಳಂದೂರು, ಹನೂರು ಪೇಟೆಗಳು ಕೆಳಗಿನ ಬಯಲಿನವು. ಪೇಟೆಯಲ್ಲಿ ಫ್ಯಾನು ತಿರುಗುತ್ತಿರುವ ರಾತ್ರಿಯಲ್ಲೇ ಬಿಳಿಗಿರಿಯ ಮೇಲೆ ಜನ ಕಂಬಳಿ ಹೊದ್ದು ಮಲಗಿರುತ್ತಾರೆ. ಆದರೆ ಮೇಲಿನ ಮನೆಗೂ ಕೆಳಗಿನ ಮನೆಗೂ ವೈರು ಬರುವುದು ಒಂದೇ ಅಂಗಡಿಯಿಂದ, ಅದನ್ನು ಎಳೆಯುವ ಕೈಯೂ ಬಹುಮಟ್ಟಿಗೆ ಒಂದೇ. ಬಯಲಿನ ಲೆಕ್ಕಕ್ಕೆ ಕೂಡಿಸಿದ ಈ ವೈರಿಂಗು ಬೆಟ್ಟದಲ್ಲಿ ಮೂರು ಕಡೆ ಸೋಲುತ್ತದೆ: ನೀರು ಕಾಯಿಸುವ ಹೊರೆಯಲ್ಲಿ, ಮಂಜಿನ ತೇವದಲ್ಲಿ, ಬಂಡೆ ನೆಲದ ಅರ್ತಿಂಗಿನಲ್ಲಿ.

ಈ ಸೀಮೆಗೆ ಕರೆಂಟಿನ ಪರಿಚಯ ಹೊಸದಲ್ಲ. ಕೊಳ್ಳೇಗಾಲದ ಪಕ್ಕದಲ್ಲೇ ಇರುವ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದದ್ದು 1902ರಲ್ಲಿ. ಅಲ್ಲಿಂದ 92 ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ದೀಪ ಬಂತು. ಹೊಳೆಯ ಆಚೆ ದಡದ ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರಿನ ಪವರ್ ಹೌಸು ಕಣ್ಣಳತೆಯಲ್ಲಿದ್ದರೂ ಬೇರೆ ಸರ್ಕಾರದ ಊರು. ರಾಜ್ಯಗಳ ಪುನರ್ವಿಂಗಡಣೆಯಾಗಿ 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು. ಇಂದು ಈ ಮೂರೂ ತಾಲ್ಲೂಕುಗಳಿಗೆ ವಿದ್ಯುತ್ ಹಂಚುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಜನರ ಬಾಯಲ್ಲಿ ಸೆಸ್ಕ್. ಮೀಟರಿನವರೆಗಿನ ತಂತಿ ನಿಗಮದ್ದು. ಮೀಟರು ದಾಟಿದ ಮೇಲೆ ಪ್ರತಿ ಮೊಳವೂ ಮನೆಯವರದು, ಅದರಿಂದಾಗುವ ಕೇಡೂ ಅವರದೇ. ಈ ಗಡಿ ತಿಳಿಯದೆ ಒಳಗಿನ ಕೆಲಸಕ್ಕೆ ಲೈನ್‌ಮನ್ನನ್ನು ಕಾಯುತ್ತ ಕೂರುವ ಮನೆಗಳು ಇನ್ನೂ ಇವೆ.

ಚಳಿಯೂರಿನ ಮನೆಯಲ್ಲಿ ಕರೆಂಟಿನ ದೊಡ್ಡ ಖರ್ಚು ದೀಪದ್ದಲ್ಲ, ಸ್ನಾನದ ನೀರಿನದು. 20 ಲೀಟರಿನ ಒಂದು ಬಕೆಟ್ ನೀರು ಕೊಳ್ಳೇಗಾಲದಲ್ಲಿ 25 ಡಿಗ್ರಿಯಲ್ಲಿದೆ ಎಂದಿಟ್ಟುಕೊಂಡರೆ ಅದನ್ನು 42 ಡಿಗ್ರಿಗೆ ಏರಿಸಲು ಸುಮಾರು 0.4 ಯೂನಿಟ್ ಬೇಕು. ಬೆಟ್ಟದ ಮೇಲೆ ಮಾಗಿಯ ಬೆಳಗಿನ ತೊಟ್ಟಿ ನೀರು 16 ಡಿಗ್ರಿಯಿದ್ದರೆ ಅದೇ ಬಕೆಟ್ಟಿಗೆ 0.6 ಯೂನಿಟ್. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ನಾಲ್ಕು ಬಕೆಟ್ಟೆಂದರೆ ತಿಂಗಳಿಗೆ 48 ಯೂನಿಟ್ಟಿನ ಜಾಗದಲ್ಲಿ 72. ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದಾಗ ಉಚಿತ ಯೂನಿಟ್ಟಿನ ಮಿತಿಯನ್ನು ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಗೊತ್ತುಮಾಡಲಾಯಿತು. ಹಂಡೆ ಒಲೆಗೆ ಸೌದೆ ಹಾಕುತ್ತಿದ್ದ ಮನೆ ಆಮೇಲೆ ಗೀಸರ್ ತಂದರೆ ಹಳೆಯ ಸರಾಸರಿ ಕೈಕೊಡುತ್ತದೆ.

ಯೂನಿಟ್ಟಿಗಿಂತ ಕಳವಳದ ವಿಷಯ ಆಂಪಿಯರಿನದು. 3,000 ವಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ, 2,000 ವಾಟಿನದು ಸುಮಾರು 8.7. ನೀರಿಗಿಳಿಬಿಡುವ 1,500 ವಾಟಿನ ಕಾಯಿಲ್ ಆರೂವರೆ. ದೀಪದ ಬೋರ್ಡಿನಲ್ಲಿರುವ ಚಿಕ್ಕ ಪ್ಲಗ್ಗಿನ ತಾಕತ್ತು 6 ಆಂಪಿಯರ್ ಮಾತ್ರ. ಆದರೂ ಕಾಯಿಲಿನ ವೈರು ಹೋಗಿ ಸೇರುವುದು ಅದಕ್ಕೇ, ಮೊಬೈಲ್ ಚಾರ್ಜರಿನ ಪಕ್ಕದ ತೂತಿಗೆ. ಒಂದೆರಡು ವಾರ ಏನೂ ಆಗುವುದಿಲ್ಲ. ಮೂರನೇ ವಾರ ಪ್ಲಗ್ಗಿನ ಒಂದು ಕಾಲಿನ ಸುತ್ತ ಪ್ಲಾಸ್ಟಿಕ್ಕು ಚಹಾದ ಬಣ್ಣಕ್ಕೆ ತಿರುಗುತ್ತದೆ, ಸುಟ್ಟ ಮೀನಿನಂಥ ವಾಸನೆ ಬರುತ್ತದೆ. ಆಗ ಬೇಕಾದದ್ದು ಬೋರ್ಡಿಗೆ ಹೊಸ ಸಾಕೆಟ್ಟಲ್ಲ. ಮೇನ್ ಬೋರ್ಡಿನಿಂದ ಬಚ್ಚಲಿಗೆ ನೇರವಾಗಿ ಎಳೆದ ಬೇರೆ ಲೈನು: 4 ಚದರ ಮಿಲಿಮೀಟರಿನ ತಾಮ್ರದ ವೈರು, ಅದಕ್ಕೆ ತನ್ನದೇ ಆದ ಎಂಸಿಬಿ (ಹೊರೆ ಮೀರಿದರೆ ತಾನೇ ಬೀಳುವ ಸ್ವಿಚ್ಚು), 16 ಆಂಪಿಯರಿನ ಮೂರು ಕಾಲಿನ ಸಾಕೆಟ್ಟು. ಬಿಳಿಗಿರಿಯಲ್ಲಿ ಸಂಕ್ರಾಂತಿಯ ಮಗ್ಗುಲಿಗೆ ಚಿಕ್ಕ ಜಾತ್ರೆ ನಡೆಯುತ್ತದೆ. ನೆಂಟರು ತುಂಬಿದ ಮನೆಯಲ್ಲಿ ಬೆಳಗಿನ ಜಾವ ಗೀಸರು, ಕಾಯಿಲು, ಇಂಡಕ್ಷನ್ ಒಲೆ ಒಟ್ಟಿಗೆ ಓಡುವುದು ಆಗಲೇ. ವೈರಿಂಗಿನ ನಿಜವಾದ ಅಳತೆ ತಿಳಿಯುವುದೂ ಆಗಲೇ.

ಹಳೆಯ ವೈರಿಂಗಿನ ಕಥೆ ಬೇರೆ. ಕೊಳ್ಳೇಗಾಲದ ಹಳೆಯ ಬೀದಿಗಳಲ್ಲಿ, ಯಳಂದೂರಿನ ತೊಟ್ಟಿಮನೆಗಳಲ್ಲಿ ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಮಡಿಸಿ ಕೂರಿಸಿದ ಪಟ್ಟಿ ವೈರಿಂಗು ಇನ್ನೂ ಕಾಣಸಿಗುತ್ತದೆ. ಕಣ್ಣಿಗೆ ಕಾಣುತ್ತದೆಂಬುದೇ ಅದರ ಗುಣ. ದೋಷ ಎಲ್ಲಿದೆಯೆಂದು ಗೋಡೆ ಒಡೆಯದೆ ಹೇಳಬಹುದು. ಆದರೆ ಅದರ ರಬ್ಬರು ಒಣಗಿ ಬಿಸ್ಕತ್ತಿನಂತೆ ಪುಡಿಯಾಗುತ್ತದೆ, ಮುಟ್ಟಿದರೆ ಉದುರುತ್ತದೆ. ಅದರ ನಂತರ ಬಂದ ಅಲ್ಯೂಮಿನಿಯಂ ವೈರಿಗೆ ಮತ್ತೊಂದು ಕಾಯಿಲೆ. ಬಿಸಿಯಾದಾಗ ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಹೀಗೆ ದಿನವೂ ಆಗಿ ಸ್ಕ್ರೂ ಸಡಿಲವಾಗುತ್ತದೆ, ಸಡಿಲವಾದ ಕಡೆ ಕಿಡಿಯೇಳುತ್ತದೆ. ಹಳೆಯ ಅಲ್ಯೂಮಿನಿಯಂ ತುದಿಗೆ ಹೊಸ ತಾಮ್ರವನ್ನು ಹೊಸೆದು ಟೇಪು ಸುತ್ತುವ ಕೆಲಸ ತೇವದ ಊರಿನಲ್ಲಿ ಎರಡು ಮಳೆಗಾಲಕ್ಕಿಂತ ಹೆಚ್ಚು ಬಾಳದು. ಇವಕ್ಕೆಲ್ಲ ಮೇಲೆ ಕಿಟ್‌ಕ್ಯಾಟ್ ಫ್ಯೂಸಿನ ಪಿಂಗಾಣಿಯಲ್ಲಿ ನಾಲ್ಕೆಳೆ ತಾಮ್ರ ಸುತ್ತಿರುತ್ತಾರೆ, ಪದೇ ಪದೇ ಹೋಗದಿರಲೆಂದು. ಅಲ್ಲಿಗೆ ಸುಡಬೇಕಾದ ಫ್ಯೂಸು ಸುಡುವುದಿಲ್ಲ, ಗೋಡೆಯೊಳಗಿನ ವೈರು ಸುಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಅಸಡ್ಡೆಗೆ ಒಳಗಾಗುವುದು ಅರ್ತಿಂಗು. “ನಲ್ಲಿ ಮುಟ್ಟುದ್ರೆ ಜುಂ ಅಂತದೆ” ಎಂಬುದು ಬೆಟ್ಟದ ಮನೆಗಳಲ್ಲಿ ಎಲೆಕ್ಟ್ರಿಷಿಯನ್ ಕೇಳುವ ಸಾಮಾನ್ಯ ದೂರು. ಗೀಸರಿನೊಳಗಿನ ಕಾಯಿಲು ಸೀಳಿ ಕರೆಂಟು ನೀರಿಗೂ ಲೋಹದ ಕವಚಕ್ಕೂ ಇಳಿದಿರುತ್ತದೆ. ಅರ್ತಿಂಗು ಸರಿಯಿದ್ದರೆ ಆ ಕರೆಂಟು ದೊಡ್ಡ ಪ್ರಮಾಣದಲ್ಲಿ ಭೂಮಿಗೆ ಹರಿದು ಎಂಸಿಬಿಯನ್ನು ಬೀಳಿಸಬೇಕು. ಬೀಳದೆ ಇರುವುದಕ್ಕೆ ಕಾರಣ ಸರಳ ಲೆಕ್ಕದಲ್ಲಿದೆ. ಮನೆಯ ಅರ್ತ್ ಗುಂಡಿಯ ತಡೆ 20 ಓಮ್ ಇದ್ದರೆ 230 ವೋಲ್ಟಿನಲ್ಲಿ ಭೂಮಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಮಾಮೂಲಿ ಹೊರೆ, ಅದು ಕದಲುವುದಿಲ್ಲ. ಗೀಸರು, ನಲ್ಲಿ, ಅದೇ ಅರ್ತಿಗೆ ಜೋಡಿಸಿದ ಫ್ರಿಜ್ಜಿನ ಮೈ, ಎಲ್ಲವೂ ಕರೆಂಟು ಹಿಡಿದುಕೊಂಡೇ ನಿಂತಿರುತ್ತವೆ.

ಬೆಟ್ಟದಲ್ಲಿ ಈ ತಡೆ ಹೆಚ್ಚಾಗುವುದು ಸಹಜ. ಗುಂಡಿ ತೋಡಲು ಹೋದರೆ ನಾಲ್ಕಡಿಗೆ ಬಂಡೆ ಸಿಗುತ್ತದೆ. ಎಂಟಡಿಯ ಪೈಪನ್ನು ಕತ್ತರಿಸಿ ಮೂರಡಿ ಹೂತು ಮೇಲೆ ಸಿಮೆಂಟು ಬಳಿದರೆ ನೋಡುವವರಿಗೆ ಎರಡೂ ಒಂದೇ. ಕೆಳಗಿಳಿಯಲು ಆಗದ ಕಡೆ ಅಡ್ಡಲಾಗಿ ಹೋಗಬೇಕು: ಎರಡಡಿ ಆಳದ ಕಾಲುವೆ ತೆಗೆದು ಜಿಐ ಪಟ್ಟಿ ಹೂಳಬಹುದು, ಇಲ್ಲವೆ ಮಣ್ಣು ಸಿಗುವ ಎರಡು ಮೂರು ಕಡೆ ಗುಂಡಿ ಮಾಡಿ ಒಂದಕ್ಕೊಂದು ಬೆಸೆಯಬಹುದು. ಇದ್ದಿಲು, ಉಪ್ಪು ತುಂಬುವುದು ಹಳೆಯ ಪದ್ಧತಿ. ಉಪ್ಪು ಪೈಪನ್ನು ತಿನ್ನುವುದರಿಂದ ಈಗ ಬೆಂಟೊನೈಟ್ ಮಣ್ಣಿನ ಚೀಲ ಬಳಸುವವರಿದ್ದಾರೆ. ಬಚ್ಚಲ ನೀರು ಇಂಗುವ ಕಡೆ ಗುಂಡಿಯಿದ್ದರೆ ಬೇಸಗೆಯಲ್ಲಿ ನೀರು ಹುಯ್ಯುವ ಕೆಲಸವೂ ಉಳಿಯುತ್ತದೆ.

ಹಳೆಯ ಮನೆಗಳಲ್ಲಿ ಇನ್ನೊಂದು ಮೋಸವಿದೆ, ಯಾರೂ ಬೇಕೆಂದು ಮಾಡಿದ್ದಲ್ಲ. ಒಂದು ಕಾಲದಲ್ಲಿ ಅರ್ತ್ ತಂತಿಯನ್ನು ಜಿಐ ನಲ್ಲಿ ಪೈಪಿಗೇ ಸುತ್ತಿಬಿಡುತ್ತಿದ್ದರು. ನೆಲದೊಳಗೆ ಉದ್ದಕ್ಕೆ ಹೋದ ಕಬ್ಬಿಣದ ಪೈಪು ಒಳ್ಳೆಯ ಅರ್ತಿನಂತೆಯೇ ನಡೆಯುತ್ತಿತ್ತು. ಆಮೇಲೆ ಪೈಪು ತುಕ್ಕು ಹಿಡಿದು ಪ್ಲಂಬರ್ ಬಂದು ಪಿವಿಸಿ ಹಾಕಿ ಹೋದ. ಗೋಡೆಯಲ್ಲಿ ತಂತಿ ಹಾಗೇ ಇದೆ, ಕೊನೆಯಲ್ಲಿ ಭೂಮಿಯಿಲ್ಲ.

ಅರ್ತಿಂಗು ಪರೀಕ್ಷೆ ಮಾಡುವ ರೂಢಿಯ ಕ್ರಮ, ಫೇಸಿಗೂ ಅರ್ತಿಗೂ ನಡುವೆ 100 ವಾಟಿನ ಬಲ್ಬು ಹಚ್ಚಿ ನೋಡುವುದು. ಬಲ್ಬು ಉರಿದರೆ ‘ಅರ್ತಿಂಗ್ ಚೆನ್ನಾಗಿದೆ’ ಎಂಬ ತೀರ್ಪು. ಇದು ಅರ್ಧ ಸತ್ಯ. 100 ವಾಟಿನ ಬಲ್ಬಿನ ತಡೆಯೇ 529 ಓಮ್. ಗುಂಡಿಯ ತಡೆ 50 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟ್ ಸಿಕ್ಕಿ ಅದು ಬೆಳ್ಳಗೇ ಉರಿಯುತ್ತದೆ. ಬಲ್ಬು ಉರಿಯದಿದ್ದರೆ ಅರ್ತ್ ಇಲ್ಲವೆಂದು ಖಚಿತ. ಉರಿದರೆ ಒಳ್ಳೆಯ ಅರ್ತ್ ಇದೆಯೆಂದು ಖಚಿತವಲ್ಲ. ಅದನ್ನು ಹೇಳುವುದು ಅರ್ತ್ ಟೆಸ್ಟರ್ ಎಂಬ ಉಪಕರಣ ಮಾತ್ರ. 5 ಓಮಿನೊಳಗೆ ಬಂದರೆ ಕೆಲಸಗಾರರು ಒಳ್ಳೆಯದೆನ್ನುತ್ತಾರೆ, ಬಂಡೆಯ ನೆಲದಲ್ಲಿ ಅದು ಸುಲಭಕ್ಕೆ ಬರುವುದಿಲ್ಲ.

ಬರದ ಕಡೆ ಜೀವ ಕಾಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರಾ ಹಿಂದಿರುಗುತ್ತಿದೆಯೇ ಎಂದು ಅದು ತೂಗಿ ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪಿಯರಿನಷ್ಟು ದಾರಿತಪ್ಪಿದರೂ ಕಣ್ಣು ಮಿಟುಕಿಸುವುದರೊಳಗೆ ಕಡಿದು ಹಾಕುತ್ತದೆ. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಮನುಷ್ಯನನ್ನು. ಒಂದಿದ್ದರೆ ಇನ್ನೊಂದು ಬೇಡವೆನ್ನುವಂತಿಲ್ಲ. ಮಂಜಿನ ದಿನಗಳಲ್ಲಿ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತದೆಂದು ಅದನ್ನು ಕಿತ್ತು ನೇರ ಜೋಡಿಸಿಕೊಳ್ಳುವವರುಂಟು. ಅದು ಸುಮ್ಮನೆ ಬೀಳುವುದು ಅಪರೂಪ. ಹೊರಗೋಡೆಯ ದೀಪದ ಹೋಲ್ಡರಿನಲ್ಲಿ, ಮಾಳಿಗೆಯ ಜಾಯಿಂಟಿನಲ್ಲಿ ನೀರು ಸೇರಿ ಕರೆಂಟು ಸೋರುತ್ತಿರುತ್ತದೆ. ಒಂದೊಂದೇ ಎಂಸಿಬಿ ಇಳಿಸಿ ಯಾವ ಲೈನಿನಲ್ಲಿ ಸೋರಿಕೆಯೆಂದು ಹುಡುಕಿ, ಆ ಲೈನಿಗೆ ವೈರಿನ ಹೊದಿಕೆಯ ತಡೆ ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿದರೆ ಸಂಗತಿ ಬಯಲಾಗುತ್ತದೆ. ಒಣಗಿದ, ಒಳ್ಳೆಯ ವೈರಿಂಗಿನಲ್ಲಿ ಮೆಗ್ಗರ್ ಒಂದು ಮೆಗಾ ಓಮಿಗಿಂತ ಕೆಳಗೆ ತೋರಿಸಬಾರದು.

ತೇವ ಒಳಗೆ ಬರುವ ದಾರಿಗಳು ಹಲವು. ಬೆಚ್ಚನೆಯ ಅಡುಗೆಮನೆಯ ಹಬೆ ತಣ್ಣನೆಯ ಹೊರಗೋಡೆಯ ಪೈಪಿನೊಳಗೆ ಹನಿಯಾಗಿ ಇಳಿಯುತ್ತದೆ. ಸರ್ವೀಸ್ ವೈರು ಹೊರಗಿನಿಂದ ಪೈಪಿನೊಳಗೆ ಇಳಿಯುವ ಕಡೆ ಅದನ್ನು ಕೆಳಕ್ಕೆ ಜೋಲಿಸಿ ಬಾಗಿಸಿ ಮೇಲಕ್ಕೆ ತರಬೇಕು, ನೀರು ಆ ಬಾಗಿನಿಂದಲೇ ತೊಟ್ಟಿಕ್ಕಿಹೋಗುತ್ತದೆ. ಈ ಗೇಣುದ್ದದ ವೈರನ್ನು ಉಳಿಸಲು ಹೋಗಿ ಮೀಟರ್ ಬೋರ್ಡಿಗೆ ನೀರಿಳಿಸಿಕೊಂಡ ಮನೆಗಳು ಕಡಿಮೆಯಲ್ಲ. ತಗಡಿನ ಸೂರಿದ್ದರೆ ಇನ್ನೂ ಎಚ್ಚರ ಬೇಕು. ಗಾಳಿಗೆ ಅಲುಗಾಡುವ ಸರ್ವೀಸ್ ವೈರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿಯಿತೆಂದರೆ ಇಡೀ ಸೂರಿಗೆ ಕರೆಂಟು. ಅದೇ ಸೂರಿನ ಕೊಂಡಿಗೋ ಸರ್ವೀಸ್ ವೈರನ್ನು ಹೊತ್ತ ಜಿಐ ತಂತಿಗೋ ಬಟ್ಟೆ ಒಣಹಾಕುವ ತಂತಿ ಕಟ್ಟಿರುವುದು ಊರೂರಲ್ಲಿ ಕಾಣುವ ನೋಟ. ಬಟ್ಟೆಗೆ ನೈಲಾನ್ ಹಗ್ಗ ಸಾಕು.

ಲೈನಿನ ಕಡೆಯಿಂದ ಬರುವ ಅಪಾಯಗಳೂ ಬೆಟ್ಟಕ್ಕೆ ವಿಶೇಷ. ಕಾಡಿನ ನಡುವೆ ಬರುವ ತಂತಿಯ ಮೇಲೆ ಮರ ಬೀಳುತ್ತದೆ. ಫೇಸ್ ಕಡಿದರೆ ಮನೆಯೊಳಗೆ ಕತ್ತಲಾಗುತ್ತದೆ, ಅಷ್ಟೆ. ನ್ಯೂಟ್ರಲ್ ಕಡಿದರೆ ಕೆಲವು ಮನೆಗಳ ಬಲ್ಬು ಮಂಕಾಗಿ ಕೆಲವು ಮನೆಗಳ ಬಲ್ಬು ಎಂದಿಲ್ಲದಷ್ಟು ಉರಿಯುತ್ತವೆ. ಹಾಗೆ ಉರಿದ ಮನೆಗೆ ಆಗ 230ರ ಬದಲು 400 ವೋಲ್ಟಿನವರೆಗೂ ಬರಬಹುದು; ಟಿವಿ, ಫ್ರಿಜ್ಜು ಉಳಿಯಬೇಕಾದರೆ ಯೋಚಿಸದೆ ಮೇನ್ ಇಳಿಸಿ 1912ಕ್ಕೆ ಫೋನ್ ಮಾಡಬೇಕು. ಅಶ್ವಿನಿ, ಭರಣಿ ಮಳೆಯ ಸಿಡಿಲು, ಹಿಂಗಾರಿನ ಚಿತ್ತೆ, ಸ್ವಾತಿಯ ಸಿಡಿಲು ಈ ಸೀಮೆಗೆ ಹೊಸತಲ್ಲ. ಮೇನ್ ಬೋರ್ಡಿಗೆ ಸರ್ಜ್ ಅರೆಸ್ಟರ್ ಹಾಕಿಸುವವರು ನೆನಪಿಡಬೇಕಾದದ್ದಿಷ್ಟು: ಅದು ಹೊಡೆತವನ್ನು ದಾಟಿಸುವುದು ಅದೇ ಅರ್ತಿಗೆ. ಗುಂಡಿ ಕೆಟ್ಟಿದ್ದರೆ ಅರೆಸ್ಟರ್ ಗೋಡೆಯ ಅಲಂಕಾರ.

ಈ ಕೆಲಸವನ್ನೆಲ್ಲ ಯಾರು ಮಾಡಬಹುದೆಂಬುದನ್ನು ಕಾನೂನು ಸ್ಪಷ್ಟವಾಗಿ ಹೇಳಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇವನ್ನು ಇದ್ದ ತಾಕತ್ತಿನಲ್ಲೇ ಬದಲಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಹೊಸ ಲೈನು ಎಳೆಯುವುದು, ಇದ್ದುದನ್ನು ಮಾರ್ಪಡಿಸುವುದು ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕ, ಪ್ರಮಾಣಪತ್ರವುಳ್ಳ ಮೇಲ್ವಿಚಾರಕರ ಕಣ್ಣಳತೆಯಲ್ಲಿ, ಪರ್ಮಿಟ್ ಇರುವ ವೈರ್‌ಮನ್ ಕೈಯಿಂದ ಆಗಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿದ್ದ ಈ ಕಟ್ಟಳೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಗಳಲ್ಲೂ ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳಲ್ಲೂ ಉಳಿದಿದೆ. ಕರ್ನಾಟಕದಲ್ಲಿ ಈ ಲೈಸೆನ್ಸು, ಪರ್ಮಿಟ್ಟುಗಳ ಜವಾಬ್ದಾರಿ ವಿದ್ಯುತ್ ಪರಿವೀಕ್ಷಣಾಲಯದ್ದು. ಐಟಿಐನಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸು ಮುಗಿಸಿದವರು ಪ್ರತಿ ಪೇಟೆಯಲ್ಲೂ ಇದ್ದಾರೆ. ಕೋರ್ಸು ಬೇರೆ, ಪರ್ಮಿಟ್ಟು ಬೇರೆ.

ವ್ಯವಹಾರದಲ್ಲಿ ಬೆಟ್ಟದ ಮನೆಗೆ ಕೆಲಸಗಾರ ಸಿಗುವುದೇ ದೊಡ್ಡದು. ಬಿಳಿಗಿರಿಗೆ ಯಳಂದೂರಿನಿಂದ ಬರಬೇಕು, ಇಲ್ಲವೆ ಚಾಮರಾಜನಗರದಿಂದ ಕೆ. ಗುಡಿ ದಾರಿಯಲ್ಲಿ. ಎರಡೂ ಹುಲಿ ಸಂರಕ್ಷಿತ ಪ್ರದೇಶದ ರಸ್ತೆಗಳು, ಅರಣ್ಯದ ಗೇಟು ರಾತ್ರಿ ಮುಚ್ಚುತ್ತದೆ. ಮಹದೇಶ್ವರ ಬೆಟ್ಟಕ್ಕೆ ಹನೂರಿನಿಂದ ಕೌದಳ್ಳಿ, ತಾಳಬೆಟ್ಟದ ಮೇಲೆ ಹತ್ತಬೇಕು. ಒಂದು ಸಾಕೆಟ್ಟಿಗಾಗಿ ಇಷ್ಟು ದೂರ ಯಾರೂ ಬರುವುದಿಲ್ಲ, ಬಂದರೂ ಸಂಜೆಯ ಗೇಟಿನ ಮೇಲೆ ಕಣ್ಣಿಟ್ಟು ಕೆಲಸ ಮಾಡುತ್ತಾರೆ. ಆದ್ದರಿಂದ ಸಣ್ಣಪುಟ್ಟ ಕೆಲಸಗಳನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡು, ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಒಂದು ಪೂರಾ ದಿನಕ್ಕೆ ಕರೆಸುವುದು ಎಲ್ಲರಿಗೂ ಲಾಭ.

ಕೂಲಿಯ ಲೆಕ್ಕ ಮೂರು ಬಗೆ: ಹೊಸ ಮನೆಗೆ ಚದರದ ಲೆಕ್ಕ, ಸೇರಿಸುವ ಕೆಲಸಕ್ಕೆ ಪಾಯಿಂಟ್ ಲೆಕ್ಕ, ದೋಷ ಹುಡುಕುವುದಕ್ಕೆ ದಿನಗೂಲಿ. ದೋಷ ಹುಡುಕುವುದನ್ನು ಪಾಯಿಂಟ್ ಲೆಕ್ಕಕ್ಕೆ ಒಪ್ಪಿಸಿದರೆ ಸಿಕ್ಕಿದ ಮೊದಲ ದೋಷದಲ್ಲೇ ಹುಡುಕಾಟ ನಿಲ್ಲುತ್ತದೆ. ಸಾಮಾನಿನ ಚೀಟಿಯನ್ನು ಕೆಲಸಗಾರನೇ ಬರೆದು ಕೊಳ್ಳೇಗಾಲದ ಅಂಗಡಿಯಿಂದ ತರುವುದು ವಾಡಿಕೆ. ಅಂಗಡಿಯವರು ಅವನಿಗೆ ಕಮಿಷನ್ ಕೊಡುವುದೂ ವಾಡಿಕೆಯೇ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಮನೆಯವರು ನೋಡಬೇಕಾದದ್ದು ಸುರುಳಿಯ ಮೇಲಿನ ಐಎಸ್‌ಐ ಗುರುತು, ಚದರ ಮಿಲಿಮೀಟರಿನ ಅಂಕಿ, ಮತ್ತು ಬಣ್ಣ: ಫೇಸಿಗೆ ಕೆಂಪು, ನ್ಯೂಟ್ರಲ್ಲಿಗೆ ಕಪ್ಪು, ಅರ್ತಿಗೆ ಹಸಿರು. ಕೆಂಪು ಸುರುಳಿ ಮುಗಿಯಿತೆಂದು ಉಳಿದ ಹಸಿರನ್ನೇ ಫೇಸಿಗೆ ಎಳೆದರೆ ಹತ್ತು ವರ್ಷದ ಮೇಲೆ ಬರುವ ಇನ್ನೊಬ್ಬ ಎಲೆಕ್ಟ್ರಿಷಿಯನ್ ಅದನ್ನು ಅರ್ತ್ ಎಂದೇ ನಂಬಿ ಕೈಯಿಡುತ್ತಾನೆ. ಹೊಸಬನನ್ನು ಅಳೆಯಲು ಅವನ ಚೀಲ ನೋಡಿದರೂ ಸಾಕು. ಬರೀ ಟೆಸ್ಟರು, ಕಟಿಂಗ್ ಪ್ಲೇಯರು ಇಟ್ಟುಕೊಂಡವನಿಗಿಂತ ಮೀಟರು, ಮೆಗ್ಗರ್ ತಂದವನಿಗೆ ಕೂಲಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಪೈಪುಗಳನ್ನು ಗಾರೆಯಿಂದ ಮುಚ್ಚುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟರೆ ಮುಂದೆ ಮೊಳೆ ಹೊಡೆಯುವಾಗ ಗೊತ್ತಿರುತ್ತದೆ.

ಕಾಡಂಚಿನ ಎರಡು ಸಂಗತಿಗಳನ್ನು ಇಲ್ಲೇ ಹೇಳಬೇಕು. ಹಂದಿ, ಆನೆಯ ಕಾಟಕ್ಕೆ ಮನೆಯ ಬೋರ್ಡಿನಿಂದ ಹೊಲದ ಬೇಲಿಗೆ ನೇರ ಕರೆಂಟು ಕೊಡುವುದು ಅಪರಾಧ. ಅದಕ್ಕೆ ಪ್ರಾಣಿಗಳಷ್ಟೇ ಅಲ್ಲ, ನೀರು ಕಟ್ಟಲು ಹೋದ ಮನೆಯವರೇ ಬಲಿಯಾಗುತ್ತಾರೆ. ಸೋಲಾರ್ ಬೇಲಿಯ ಯಂತ್ರ ಬ್ಯಾಟರಿಯಿಂದ ಕ್ಷಣಕ್ಷಣಕ್ಕೆ ಬಿಟ್ಟು ಬಿಟ್ಟು ಹೊಡೆಯುವಂಥದು, ಅದು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಎರಡನೆಯದು ಕಾಡಿನ ಸೋಲಿಗ ಬುಡಕಟ್ಟಿನವರ ಪೋಡುಗಳ (ಹಾಡಿಗಳ) ಸೋಲಾರ್ ದೀಪ. 12 ವೋಲ್ಟಿಗೆ ಸಣ್ಣ ವೈರು ಸಾಕೆಂಬುದು ತಪ್ಪು ಎಣಿಕೆ. 60 ವಾಟಿನ ಹೊರೆಗೆ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು, 12 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. ಸಣ್ಣ ವೈರಿನಲ್ಲಿ ವೋಲ್ಟೇಜು ದಾರಿಯಲ್ಲೇ ಕರಗಿ ದೀಪ ಮಂಕಾಗುತ್ತದೆ, ಜನ ಬ್ಯಾಟರಿಯನ್ನು ಬೈಯುತ್ತಾರೆ.

ನೋಡಿಕೊಳ್ಳುವ ಕೆಲಸ ಮಳೆಗಾಲದ ಜೊತೆಗೇ ಹೊಂದಿಕೊಳ್ಳುತ್ತದೆ. ಮುಂಗಾರಿಗೆ ಮೊದಲು ಸರ್ವೀಸ್ ವೈರಿಗೆ ತಾಕುವ ಕೊಂಬೆಗಳನ್ನು ನಿಗಮದವರಿಗೆ ಹೇಳಿ ಕಡಿಸುವುದು, ಮೀಟರ್ ಪೆಟ್ಟಿಗೆಯಲ್ಲಿ ಕಡಜದ ಗೂಡು, ಹಲ್ಲಿ ಸೇರಿವೆಯೇ ನೋಡುವುದು. ಹಿಂಗಾರು ನಿಂತ ಮೇಲೆ, ಬಿಸಿಲಿನಲ್ಲಿ, ಹೊರಗೋಡೆಯ ಹೋಲ್ಡರುಗಳನ್ನು ಬಿಚ್ಚಿ ಒಣಗಿಸುವುದು. ಗೀಸರನ್ನು ದಿನವೂ ಬಳಸತೊಡಗುವ ಮುಂಚೆ ಮೇನ್ ಇಳಿಸಿ ಅದರ ಸಾಕೆಟ್ಟಿನ ಸ್ಕ್ರೂ ಬಿಗಿಮಾಡಿಸುವುದು, ಬೋರ್‌ವೆಲ್ಲಿನ ಗಡಸು ನೀರಾದರೆ ಕಾಯಿಲಿನ ಮೇಲಿನ ಸುಣ್ಣದ ಪದರ ತೆಗೆಸುವುದು. ಆರ್‌ಸಿಸಿಬಿಯ ಮೈಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿಯಿದೆ. ತಿಂಗಳಿಗೊಮ್ಮೆ, ಕರೆಂಟು ಇರುವಾಗ, ಅದನ್ನು ಒತ್ತಬೇಕು. ಟಪ್ಪೆಂದು ಬಿದ್ದರೆ ಮತ್ತೆ ಮೇಲಕ್ಕೆತ್ತುವುದು, ಬೀಳದಿದ್ದರೆ ಆ ದಿನವೇ ಬದಲಿಸುವುದು.